ಮೋರೆಯ ಕೆಮ್ಮು

ಜನವರಿ ೯

ಪ್ರಿಯ ಮೋರೆ,

ನಾನು, ಅಂದರೆ ಸಭೆ ಸಮಾರಂಭಗಳಲ್ಲಿ ‘ಬಾಯಿ’ ಎಂದೇ ಪ್ರಸಿದ್ಧನಾದ, ಹಗಲು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಟ್ಟಿ ಸಂಜೆ ವೇದಿಕೆಯ ಮೇಲೆ ಅದನ್ನು ಕೆಡವುವ, ಈವರೆಗೆ ಯಾವ ಠಾಣೆಯಲ್ಲೂ ಹೆಸರಿಲ್ಲದ ಗೃಹಸ್ಥ, ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ, ಒಂದು ಕಳ್ಳತನವನ್ನು ಈ ಮೂಲಕ ಒಪ್ಪಿಕೊಳ್ಳುತ್ತಿದ್ದೇನೆ. ಕದ್ದ ಮಾಲು: ಮರದ ಸ್ಟೂಲು, ಒಂದು. ಮಾಲೀಕ: ನೀನು. ಕದ್ದ ಜಾಗ: ಕ್ಲಬ್ಬಿನ ಮೇಕಪ್ ರೂಮು. ಸಾಕ್ಷಿ: ಅಲ್ಲಿನ ಕನ್ನಡಿ; ಅದು ಒಡೆದಿರುವುದರಿಂದ ಅದರ ಹೇಳಿಕೆ ಚೂರುಚೂರಾಗಿದೆ.

ನೀನು ಬಾಗಿಲು ಬಡಿದು ಹೋದ ಮೇಲೆ ಪಾಪ, ಆ ಸ್ಟೂಲು ಅನಾಥವಾಗಿ ನಿಂತಿತ್ತು. ಇಪ್ಪತ್ತೆರಡು ವರ್ಷ ನಿನ್ನ ಹಿಂಭಾಗವನ್ನು ತುಟಿ ಪಿಟಕ್ಕೆನ್ನದೆ ಹೊತ್ತ ಜೀವ. ಮನೆಗೆ ತಂದೆ. ಈಗ ಅದರ ಮೇಲೆ ನನ್ನ ಭಾಮೈದ ಕೂರುತ್ತಾನೆ. ಹೌದು, ಹೊಸ ಮೋರೆ ಅವನೇ. ನಮ್ಮ ಆಟವಾದರೂ ಏನು ಮಹಾ? ಬಾಯಿ ಮುಂದೆ ನಿಂತು ಮಾತಾಡಬೇಕು, ಮೋರೆ ಹಿಂದೆ ಕೂತು ಏನೂ ಮಾಡಬಾರದು. ಭಾಮೈದ ನಮ್ಮ ಮನೆಗೆ ಬಂದಂದಿನಿಂದ ಅದನ್ನೇ ಅಭ್ಯಾಸ ಮಾಡುತ್ತಿದ್ದಾನೆ. ಸೋಫಾದಿಂದ ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದೆ, ಅಷ್ಟೆ.

ಜಗಳವನ್ನು ನಾನು ಮರೆತಿದ್ದೇನೆ. ಮರೆತದ್ದನ್ನು ವಿವರವಾಗಿ ಬರೆಯುತ್ತೇನೆ ಕೇಳು. ನಾನು ಒಂದು ಜೋಕನ್ನು ಕಟ್ಟಿ, ಏರಿಸಿ, ಏರಿಸಿ, ಕೊನೆಯ ಮಾತನ್ನು ನಾಲಿಗೆಯ ತುದಿಗೆ ತಂದು ನಿಲ್ಲಿಸಿರುತ್ತೇನೆ. ಸರಿಯಾಗಿ ಆ ಹೊತ್ತಿಗೆ ಬೆನ್ನ ಹಿಂದಿನಿಂದ ಖೊಕ್ ಖೊಕ್. ಜನ ಹೋ ಅಂತ ನಗುತ್ತಾರೆ. ಯಾವುದಕ್ಕೆ? ಒಂದು ಸಲವಾದರೆ ನೆಗಡಿ ಅನ್ನೋಣ. ಪ್ರತಿ ಶೋನಲ್ಲೂ, ಪ್ರತಿ ಜೋಕಿಗೂ, ತಾಳ ತಪ್ಪದೆ ಬಂದರೆ ಅದು ಕಾಯಿಲೆಯಲ್ಲಪ್ಪ, ಕಳ್ಳತನ. “ಕೆಮ್ಮಿದ್ದರೆ ಡಾಕ್ಟರ ಹತ್ತಿರ ಹೋಗು, ಕೆಮ್ಮೇ ಹೆಮ್ಮೆಯಾಗಿದ್ದರೆ ಬೇರೆ ಜೋಡಿ ನೋಡಿಕೋ” ಅಂದೆ. ನೀನು ಟೋಪಿ ತೆಗೆದುಕೊಂಡೆ. ನಾನು ಸ್ಟೂಲು ತೆಗೆದುಕೊಂಡೆ. ಲೆಕ್ಕ ಚುಕ್ತಾ.

ಅಂದಹಾಗೆ, ಹಾಲ್ ತುಂಬುತ್ತಿದೆ. ನಿನ್ನನ್ನು ಯಾರೂ ಕೇಳಲಿಲ್ಲ. ಒಬ್ಬರು ಕೇಳಿದರು, ಆದರೆ ಅವರು ಟಾಯ್ಲೆಟ್ ಎಲ್ಲಿ ಅಂತಲೂ ಕೇಳಿದರು. ಒಂದೇ ತೊಂದರೆ: ಐಸ್ ಬಕೆಟ್ಟಿನ ಐಟಂ ಬಿಡಬೇಕಾಯಿತು. ಐಸ್ ಮುಟ್ಟಿದ ಕೂಡಲೇ ನಿನ್ನ ಬೆರಳು ಸುಣ್ಣದಂತೆ ಬೆಳ್ಳಗಾಗಿ, ನಾನು “ನೋಡಿ, ನಮ್ಮ ಮೋರೆಗೆ ಶಾಯಿ ತುಂಬುವ ಸಮಯ” ಅಂದಾಗ ನೀಲಿಗೆ ತಿರುಗುತ್ತಿದ್ದವಲ್ಲ, ಭಾಮೈದನ ಬೆರಳು ಅಂಥದ್ದೇನೂ ಮಾಡುವುದಿಲ್ಲ. ಏನು ಹಚ್ಚಿಕೊಳ್ಳುತ್ತಿದ್ದೆ, ಹೇಳು. ವಿದ್ಯೆ ಬಚ್ಚಿಡಬಾರದು.

ನಿನ್ನ ಮಾಜಿ,
ಬಾಯಿ


ಜನವರಿ ೨೪

ಬಾಯಿಗೆ,

ಸ್ಟೂಲು ಇಟ್ಟುಕೋ. ಒಂದು ಕಾಲು ಅಲ್ಲಾಡುತ್ತೆ, ಕೆಳಗೆ ರಟ್ಟು ಮಡಚಿ ಇಡಬೇಕು. ಭಾಮೈದನಿಗೆ ಹೇಳಬೇಡ.

ನೀನು ಹೇಳಿದ ಹಾಗೇ ಡಾಕ್ಟರ ಹತ್ತಿರ ಹೋದೆ. ನಿನ್ನ ಮಾತಿಗೆ ಬೆಲೆ ಕೊಟ್ಟು ಅಲ್ಲ. ನೀರಿನ ಮೀಟರ್ ಓದೋಕೆ ಒಂದು ಕಟ್ಟಡದ ಮೂರನೇ ಮಹಡಿ ಹತ್ತುತ್ತಿದ್ದೆ. ಎರಡನೆಯದರಲ್ಲೇ ಕೂತುಬಿಟ್ಟೆ. ಆ ಮನೆಯಾಕೆ ಬಾಗಿಲು ತೆಗೆದು, “ಓ, ನೀವು ಆ ಹಾಸ್ಯದವರಲ್ವಾ, ಆಕ್ಟಿಂಗ್ ಮಾಡ್ತಿದ್ದೀರಾ?” ಅಂದಳು. ಮಕ್ಕಳನ್ನೂ ಕರೆದಳು. ಅವರು ನಕ್ಕರು. ನಾನು ಅರ್ಧ ಗಂಟೆ ಅಲ್ಲೇ ಇದ್ದೆ. ಇಷ್ಟು ಉದ್ದದ ಐಟಂ ನಾವು ಯಾವತ್ತೂ ಮಾಡಿಲ್ಲ.

ಡಾಕ್ಟರು ಬಾಯಿ ಅಗಲಿಸಿ ಅಂದರು. ಇಷ್ಟೇ ಅಗಲೋದು ಅಂದೆ. ಬೆರಳು ಹಿಸುಕಿ ನೋಡಿದರು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಸ್ಕೂಲ್ ಬ್ಯಾಗಿನ ಅಂಟುಪಟ್ಟಿಯನ್ನು ಮೆಲ್ಲಗೆ ಕಿತ್ತ ಹಾಗೆ ಸದ್ದು ಬರ್ತಿದೆಯಂತೆ. ಆಮೇಲೆ ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಕೊಳವೆ ಊದಿಸಿದರು. ಪರೀಕ್ಷೆ ಮಾಡೋ ಹುಡುಗಿ “ಊದಿ, ಊದಿ, ಇನ್ನೂ, ಇನ್ನೂ, ಇನ್ನೂ” ಅಂತ ಕೂಗಿದಳು. ನಮ್ಮ ಯಾವ ಶೋನಲ್ಲೂ ಯಾರೂ ಹಾಗೆ ಇನ್ನೂ ಇನ್ನೂ ಅಂದಿರಲಿಲ್ಲ.

ಹೆಸರು ಸ್ಕ್ಲೆರೋಡರ್ಮ. ಮೈಯಲ್ಲಿ ರೋಗದ ಜೊತೆ ಹೊಡೆದಾಡೋ ಕಾವಲುಗಾರರು ಇರ್ತಾರಲ್ಲ, ಅವರು ನನ್ನ ಮೈಯನ್ನೇ ಕಳ್ಳ ಅಂದ್ಕೊಂಡಿದ್ದಾರೆ. ಚರ್ಮ ದಪ್ಪವಾಗ್ತಿದೆ, ಬಿಗೀತಿದೆ. ಐಸಿಗೆ ಬೆರಳು ನೀಲಿಯಾಗ್ತಿದ್ದದ್ದು ಅದಕ್ಕೇ. ಹಚ್ಚಿಕೊಂಡದ್ದು ಏನೂ ಇಲ್ಲ. ಸುಟ್ಟ ಹಾಗೆ ನೋಯ್ತಿತ್ತು. ಈಗ ಶ್ವಾಸಕೋಶಕ್ಕೂ ಹತ್ತಿದೆ. ಕೆಳಗಿನ ಭಾಗ ಗಾಯ ಮಾಗಿದ ಕಲೆ ಥರ ಗಟ್ಟಿಯಾಗಿದೆ, ಹಿಗ್ಗುತ್ತಿಲ್ಲ. ಮಾತ್ರೆ ಕೊಟ್ಟಿದ್ದಾರೆ. ಆದದ್ದನ್ನು ಅಳಿಸೋಕಾಗಲ್ಲ, ಮುಂದಿನದನ್ನು ನಿಧಾನ ಮಾಡಬಹುದು ಅಂದರು. ಕೆಮ್ಮು ನಿಜವಾದದ್ದೇ, ಬಾಯಿ.

ಒಂದು ಕೇಳ್ತೀನಿ. ನಮ್ಮ ಆಫೀಸಿನವರು ನಿಮ್ಮ ಶೋ ನೋಡಿ ಬಂದು, ಹೊಸಬನೂ ಥೇಟ್ ನಿನ್ನ ಹಾಗೇ ಕೆಮ್ತಾನೆ ಅಂದರು. ಅದನ್ನು ತೆಗೆದುಬಿಡು. ಮುಂದಿನ ತಿಂಗಳು ಇವಳ ಅಂಗಡಿಯ ವಾರ್ಷಿಕೋತ್ಸವಕ್ಕೆ ನಿಮ್ಮನ್ನೇ ಕರೆದಿದ್ದಾರೆ. ಇವಳು ಕ್ಯಾಶ್ ಕೌಂಟರಿನವಳು, ಮುಂದಿನ ಸಾಲಿನಲ್ಲಿ ಕೂರಿಸ್ತಾರೆ. ದಿನವಿಡೀ ಮನೆಯಲ್ಲಿ ಕೇಳೋದನ್ನು ಅಲ್ಲೂ ಕೇಳಿಸಬೇಡ. ಇಷ್ಟೆ.

ಮೋರೆ


ಫೆಬ್ರವರಿ ೨

ಮೋರೆ,

ಮೋರೆಯ ಮೊರೆ ತಲುಪಿತು.

ಮೊದಲು ವೈದ್ಯಕೀಯ ಭಾಗ. ಕಾವಲುಗಾರರು ನಿನ್ನನ್ನೇ ಕಳ್ಳನೆಂದು ಹಿಡಿದು ಬಡಿಯುತ್ತಿದ್ದಾರೆ ಅಂದೆ. ಇಪ್ಪತ್ತೆರಡು ವರ್ಷ ನನ್ನ ಜೊತೆ ಓಡಾಡಿದವನ ಮೇಲೆ ಅವರಿಗೆ ಅನುಮಾನ ಬಂದದ್ದರಲ್ಲಿ ತರ್ಕದೋಷವೇನೂ ಕಾಣುವುದಿಲ್ಲ. ಶ್ವಾಸಕೋಶ ಹಿಗ್ಗುತ್ತಿಲ್ಲ ಅಂದೆ. ನಿನ್ನಂಥವನ ಎದೆಯೊಳಗೆ ಕೂತು ಹಿಗ್ಗುವುದಕ್ಕೆ ಅದಕ್ಕೇನು ಕಾರಣವಿದೆ, ಹೇಳು. ಚರ್ಮ ದಪ್ಪವಾಗುತ್ತಿದೆ ಅಂದೆ. ನಿನ್ನದು ಎಮ್ಮೆ ಚರ್ಮ ಅಂತ ನಾನು ಯಾವ ಕಾಲದಿಂದ ಸಾರುತ್ತಿದ್ದೇನೆ. ಗಾಜಿನ ಪೆಟ್ಟಿಗೆಯಿಲ್ಲದೆ, ಬರೀ ಕಣ್ಣಲ್ಲಿ ನೋಡಿ ರೋಗ ಪತ್ತೆ ಮಾಡಿದವನು ನಾನು.

ಇಷ್ಟರಲ್ಲಿ ಮೂರು ಸಲ ನಕ್ಕಿರಬೇಕು ನೀನು. ನಗದಿದ್ದರೆ ಅದು ಕಾಯಿಲೆಯ ತಪ್ಪು, ನನ್ನದಲ್ಲ.

ಐಸ್ ಬಕೆಟ್ಟಿನ ವಿಷಯ. ನೋಯುತ್ತಿತ್ತು ಅಂತ ಒಂದು ಮಾತು ಹೇಳುವುದಕ್ಕೆ ನಿನಗೇನಾಗಿತ್ತು? ಹೇಳಿದ್ದರೆ ನಾನು ನಂಬುತ್ತಿದ್ದೆನೋ ಇಲ್ಲವೋ, ಅದು ಬೇರೆ ಪ್ರಶ್ನೆ. ಬಿಡು ಅದನ್ನ.

ಇನ್ನು ಕೆಮ್ಮು. ಭಾಮೈದ ಕೆಮ್ಮುತ್ತಿದ್ದದ್ದು ನಿಜ. ಸಾಹಿತ್ಯದಲ್ಲಿ ಅದಕ್ಕೆ ಅಣಕು ಅಂತಾರೆ, ಗೌರವ ಸೂಚಕ. ಆದರೂ ಇವತ್ತಿನಿಂದಲೇ ತೆಗೆದೆ. ಮನಸ್ಸಿಟ್ಟು ಕೇಳು: ನನಗೆ ಯಾರ ಕೆಮ್ಮಿನ ಹಂಗೂ ಇಲ್ಲ. ನಗು ಹುಟ್ಟುವುದು ಈ ನಾಲಿಗೆಯ ತುದಿಯಲ್ಲಿ. ನಗದು ಕೊಟ್ಟು ಬಂದವರು ನಗದೆ ಹೋದ ದಾಖಲೆ ನನ್ನ ಹೆಸರಿನಲ್ಲಿ ಒಂದೂ ಇಲ್ಲ. ನಿನ್ನ ಕೆಮ್ಮು ಇದ್ದಾಗ ಅದರ ನಡುವೆಯೂ ನಕ್ಕರು, ಇಲ್ಲದಿದ್ದರೆ ಇನ್ನೂ ಚೆನ್ನಾಗಿ ನಗುತ್ತಾರೆ. ನಿನ್ನ ಹೆಂಡತಿ, ನನ್ನನ್ನು ಅಣ್ಣ ಅನ್ನುವ ಆ ತಂಗಿ, ಮುಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಳ್ಳಬೇಕು, ಕರ್ಚೀಫನ್ನಲ್ಲ. ಮಾತು ಕೊಟ್ಟಿದ್ದೇನೆ. ಬಾಯಿಯೇ ಬಾಯಿಮಾತು ಕೊಟ್ಟ ಮೇಲೆ ಇನ್ನೇನು ಬೇಕು.

ನೋಡಲು ಬರುತ್ತೇನೆ. ಪರೀಕ್ಷೆಯ ಪೇಪರುಗಳು ಮುಗಿಯಲಿ. ನಿನಗೂ ಪರೀಕ್ಷೆ, ನನಗೂ ಪರೀಕ್ಷೆ. ನಿನ್ನದರಲ್ಲಿ ನಕಲು ಹೊಡೆಯುವ ಅವಕಾಶವಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನ,
ಬಾಯಿ


ಫೆಬ್ರವರಿ ೨೪

ಅಣ್ಣನಿಗೆ,

ಅವರ ಬೆರಳ ತುದಿ ಒಡೆದು ಹುಣ್ಣಾಗಿದೆ, ಪೆನ್ನು ಹಿಡಿಯೋಕಾಗ್ತಿಲ್ಲ. ಅವರ ಪರವಾಗಿ ಬರೀತಿದ್ದೀನಿ ಅಂದ್ಕೋಬೇಡಿ. ನಾನು ಬರೀತಿರೋದು ಅವರಿಗೆ ಗೊತ್ತಿಲ್ಲ.

ಮೊನ್ನೆ ನಮ್ಮ ಅಂಗಡಿಯ ಸಮಾರಂಭದಲ್ಲಿ ನೀವು ನನ್ನ ಕಡೆ ನೋಡಲೇ ಇಲ್ಲ. ನಾನು ಮುಂದಿನ ಸಾಲಿನಲ್ಲಿ, ಮ್ಯಾನೇಜರ ಪಕ್ಕದಲ್ಲೇ ಇದ್ದೆ. ನೀವು ದರ್ಜಿಯ ಕಥೆ ಶುರು ಮಾಡಿದಾಗ ನನಗೂ ಖುಷಿಯಾಯ್ತು, ಅದು ನಮ್ಮ ಮದುವೆಯಾದ ಹೊಸದರಲ್ಲಿ ಕೇಳಿದ್ದು. ಕೊನೆಗೆ ಬರೋ ಹೊತ್ತಿಗೆ ನಿಮ್ಮ ಭಾಮೈದ ಕೆಮ್ಮಿದ. ಎರಡು ಸಲ ಒಣಗಿದ ಹಾಗೆ, ಆಮೇಲೆ ಉಸಿರು ಸಿಗದವನ ಹಾಗೆ ಒಂದು ಎಳೆತ. ಇವರದೇ. ಇಡೀ ಅಂಗಡಿ ಬಿದ್ದು ಬಿದ್ದು ನಕ್ಕಿತು. ನಮ್ಮ ಬಿಲ್ಲಿಂಗ್ ಹುಡುಗೀರೆಲ್ಲ ತಿರುಗಿ ನನ್ನ ಮುಖ ನೋಡಿದರು. ಮ್ಯಾನೇಜರು “ನಿಮ್ಮ ಯಜಮಾನರು ಇಲ್ಲದಿದ್ದರೂ ಇದ್ದ ಹಾಗೇ ಆಯ್ತಲ್ರೀ” ಅಂದರು.

ನಾನೂ ನಕ್ಕೆ. ಅಷ್ಟು ಜನ ನೋಡ್ತಿರುವಾಗ ಇನ್ನೇನು ಮಾಡಲಿ. ನಾನು ನಗದಿದ್ದರೆ ಅವರೆಲ್ಲರ ಸಂಜೆ ಹಾಳಾಗ್ತಿತ್ತು.

ಮನೆಗೆ ಹೋದಾಗ ಹೇಗಿತ್ತು ಅಂದರು. ಚೆನ್ನಾಗಿತ್ತು ಅಂದೆ. ಕೆಮ್ಮಿದನಾ ಅಂದರು. ಇಲ್ಲ ಅಂದೆ. ಆಮೇಲೆ ಅವರಿಗೆ ಕೆಮ್ಮು ಬಂತು. ಗೋಡೆ ಹಿಡಿದುಕೊಂಡು ಕೆಮ್ತಿದ್ದಾರೆ, ತುಟಿ ನೀಲಿಯಾಗ್ತಿದೆ, ನನಗೆ ನಗು ಬಂದುಬಿಡ್ತು ಅಣ್ಣ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡೆ. ನಿಮ್ಮ ಭಾಮೈದನ ಹಾಗೇ ಇತ್ತು. ಗಂಡನ ಕೆಮ್ಮು ಕೇಳಿದರೆ ನಗು ಬರೋ ಹಾಗೆ ಮಾಡಿಟ್ಟಿರಿ ನನ್ನನ್ನ.

ಇದಕ್ಕೊಂದು ಜೋಕು ಇದ್ದರೆ ಬರೀರಿ.

ತಂಗಿ


ಫೆಬ್ರವರಿ ೨೭

ತಂಗೀ,

ಜೋಕು ಇಲ್ಲ. ಇದ್ದದ್ದು ಎರಡು, ಹರಿದು ಹಾಕಿದೆ.

ನಡೆದದ್ದಿಷ್ಟು. ಕೆಮ್ಮಬೇಡ ಅಂತ ನಾನು ಆ ಮಹಾನುಭಾವನಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ಜನ ತುಂಬಿದ್ದು ನೋಡಿ ಅವನಿಗೆ ತಲೆ ತಿರುಗಿತು, ತಾನಾಗಿಯೇ ಕೆಮ್ಮಿದ. ನಾನು ಮುಂದೆ ನಿಂತವನು, ಹಿಂದಿರುವವನ ಗಂಟಲಿಗೆ ಬೀಗ ಹಾಕಲಾದೀತೆ? ಅವತ್ತೇ ಅವನನ್ನು ಆಟದಿಂದ ಹೊರಗೆ ಹಾಕಿದೆ. ಈಗ ಮನೆಯಲ್ಲಿ ನಿಮ್ಮ ಅತ್ತಿಗೆ ತಮ್ಮನ ಪಕ್ಷ ವಹಿಸಿದ್ದಾಳೆ, ನನಗೆ ಊಟ ಸಿಗುತ್ತಿದೆ, ಮಾತು ಸಿಗುತ್ತಿಲ್ಲ. ಹದಿನೆಂಟು ವರ್ಷದಲ್ಲಿ ಇಷ್ಟು ನೆಮ್ಮದಿ ಇರಲಿಲ್ಲ.

ಇನ್ನು ಮುಂದೆ ನಾನೊಬ್ಬನೇ. ಬಾಯಿಗೆ ಮೋರೆ ಬೇಡ. ಹಿಂದೆ ಸ್ಟೂಲೂ ಇಲ್ಲ, ಅದರ ಮೇಲೆ ಜೀವವೂ ಇಲ್ಲ. ಯಾರೂ ಕೆಮ್ಮುವ ಭಯವಿಲ್ಲ. ನೋಡುತ್ತಿರು.

ಮೋರೆಗೆ ಇದರ ಬಗ್ಗೆ ಉಸಿರೆತ್ತಬೇಡ. ಇದೋ, ಬಾಯಿ ತಪ್ಪಿ ಬಂತು. ಈ ಭಾಷೆಯಲ್ಲಿ ಉಸಿರಿಲ್ಲದೆ ಒಂದು ಮಾತೂ ಆಡುವಂತಿಲ್ಲ.

ಅಣ್ಣ


ಏಪ್ರಿಲ್ ೧೬

ಬಾಯಿಗೆ,

ನಾನು ಹೇಳ್ತಿದ್ದೀನಿ, ಇವಳು ಬರೀತಿದ್ದಾಳೆ. ನಡುನಡುವೆ ನಿಲ್ಲಬೇಕು. ಅದಕ್ಕೆ ವಾಕ್ಯ ಚಿಕ್ಕದು. ನೀನು ಕಲೀಬೇಕಾದ್ದು.

ಮನೆಗೆ ಆಕ್ಸಿಜನ್ ಮೆಷಿನ್ ಬಂದಿದೆ. ಫ್ರಿಜ್ಜಿನ ಹಾಗೆ ಗುರ್ ಅಂತಿರುತ್ತೆ. ಮೂಗಿಗೆ ಪೈಪು. ಅದು ಅಡುಗೆಮನೆಗೆ ಮುಟ್ಟುತ್ತೆ, ಬಚ್ಚಲಿಗೆ ಮುಟ್ಟುತ್ತೆ, ಕಿಟಕಿಗೆ ಮುಟ್ಟುತ್ತೆ. ಗೇಟಿಗೆ ಮುಟ್ಟಲ್ಲ. ಕಳೆದ ಭಾನುವಾರ ಕಿಟಕಿಯಲ್ಲಿದ್ದೆ. ಗೇಟಿನ ಹತ್ತಿರ ನಿಂತು, ಚಿಲಕ ಮುಟ್ಟಿ, ವಾಚು ನೋಡಿ, ವಾಪಸು ಹೋದವನು ನೀನೇ. ವಾಚು ಕಟ್ಟಿರಲಿಲ್ಲ. ಬರೀ ಮಣಿಕಟ್ಟು ನೋಡಿದೆ. ಆಕ್ಟಿಂಗ್ ಕೆಟ್ಟದಾಗಿತ್ತು.

ಅಂಗಡಿಯಲ್ಲಿ ಕೆಮ್ಮಿದ್ದು ಗೊತ್ತು. ಇವಳು ಇಲ್ಲ ಅಂದಳು. ಇವಳ ಮುಖ ಹೌದು ಅಂತು. ಈಗಲೂ ತಲೆ ಎತ್ತದೆ ಬರೀತಿದ್ದಾಳೆ.

ನೀನು ಒಬ್ಬನೇ ಶೋ ಮಾಡ್ತಿದ್ದೀಯಂತೆ. ಅದಕ್ಕೆ ಒಂದು ಹೇಳಿ ಮುಗಿಸ್ತೀನಿ. ಹೇಳಬಾರದು ಅಂತಿದ್ದೆ.

ನಿನ್ನ ಜೋಕು ಉದ್ದ. ಕಾಲೇಜಿನವರ ಚಟ. ಎಲ್ಲಿ ಮುಗೀತು ಅಂತ ಜನಕ್ಕೆ ಗೊತ್ತಾಗಲ್ಲ. ನಮ್ಮ ಎರಡನೇ ಶೋನಲ್ಲೇ ನೋಡಿದೆ. ನೀನು ಕೊನೆಯ ಮಾತು ಹೇಳಿ ನಿಂತೆ, ಅವರು ಇನ್ನೂ ಕಾಯ್ತಿದ್ದರು. ನಿನ್ನ ಕಿವಿ ಕೆಂಪಗಾಯ್ತು. ಅವತ್ತಿಂದ ನಾನು ಶುರು ಮಾಡಿದೆ. ಕೊನೆಯ ಮಾತಿಗೆ ಒಂದು ಚೂರು ಮುಂಚೆ ಎಡ ಹುಬ್ಬು ಎತ್ತೋದು. ಈಗ ಬರುತ್ತೆ, ನಗಿ ಅಂತ. ಅವರು ನಿನ್ನನ್ನು ಕೇಳ್ತಿದ್ದರು. ನನ್ನನ್ನು ನೋಡ್ತಿದ್ದರು. ನೀನು ನನಗೆ ಬೆನ್ನು ಹಾಕಿ ನಿಲ್ತಿದ್ದೆ. ಇಪ್ಪತ್ತೆರಡು ವರ್ಷ, ಜೋಕು ನಡೀವಾಗ ಒಂದು ಸಲವೂ ತಿರುಗಿ ನೋಡಲಿಲ್ಲ.

ಹೋದ ವರ್ಷ ಹಣೆ ಬಿಗೀತು. ಹುಬ್ಬು ಏಳಲಿಲ್ಲ. ನಗು ತಡವಾಗೋಕೆ ಶುರುವಾಯ್ತು. ನೀನು ಬೆವರ್ತಿದ್ದೆ. ಕೆಮ್ಮು ಹೇಗೂ ಇತ್ತಲ್ಲ. ನೀನು ಜೋಕು ಶುರು ಮಾಡಿದಾಗಿಂದ ತಡೆದು ಹಿಡ್ಕೊಂಡು ಆ ಜಾಗದಲ್ಲಿ ಬಿಡ್ತಿದ್ದೆ. ತಡೆಯೋದು ಸುಲಭ ಅಲ್ಲ. ಕಣ್ಣಲ್ಲಿ ನೀರು ಬರ್ತಿತ್ತು. ನಗು ನಿಂತ ಮೇಲೆ ತಿರುಗಿ ನೋಡಿ ನೀನು ಅದಕ್ಕೂ ಒಂದು ಮಾತು ಸೇರಿಸಿದೆ, ನೆನಪಿದೆಯಾ. ‘ನಮ್ಮ ಮೋರೆಯ ನಲ್ಲಿ ಸೋರುತ್ತಿದೆ, ಮೀಟರ್ ಓದಿ.’

ಬೇಕಂತ ಕೆಮ್ತೀಯ ಅಂದೆಯಲ್ಲ. ಬೇಕಂತಲೇ. ಕದಿಯೋಕಲ್ಲ ಕಣೋ.

ಸುಸ್ತಾಯ್ತು.

ಮೋ.


ಮೇ ೩

ಮೋರೆ,

ನಿನ್ನ ಪತ್ರವನ್ನು ತರ್ಕಶಾಸ್ತ್ರದ ಅಧ್ಯಾಪಕನಾಗಿ ಓದಿದೆ. ಹತ್ತಕ್ಕೆ ಸೊನ್ನೆ. ಕೋಳಿ ಕೂಗುತ್ತದೆ, ಆಮೇಲೆ ಸೂರ್ಯ ಹುಟ್ಟುತ್ತಾನೆ. ಹಾಗಾಗಿ ಸೂರ್ಯನನ್ನು ಹುಟ್ಟಿಸಿದ್ದು ನಾನೇ ಅಂತ ಕೋಳಿ ಹೇಳಿದ ಹಾಗಾಯಿತು. ಮೊದಲ ವರ್ಷದ ಹುಡುಗರೂ ಮಾಡದ ತಪ್ಪು.

ಸ್ಟೂಲಿನ ಮೇಲೆ ಕೂತು ಹುಬ್ಬು ಕುಣಿಸಿದ್ದಕ್ಕೆ ಇಪ್ಪತ್ತೆರಡು ವರ್ಷದ ನಗುವಿಗೆಲ್ಲ ನೀನು ಯಜಮಾನ. ಭಲೇ. ನಾನು ಕೂತು ಬರೆದದ್ದು, ಹೊಡೆದು ಹಾಕಿದ್ದು, ಕನ್ನಡಿಯ ಮುಂದೆ ತಿದ್ದಿದ್ದು, ಎಲ್ಲ ನಿನ್ನ ಎರಡು ಇಂಚು ಕೂದಲಿಗೆ ಪೀಠಿಕೆ. ಕಾಯಿಲೆ ಬಂದವರಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು, ಗೊತ್ತು. ಆದರೆ ರಿಯಾಯಿತಿಗೂ ಮಿತಿಯಿದೆ. ಉಸಿರು ಕಡಿಮೆಯಾದವನು ನನ್ನ ಹೆಸರಿಗೆ ಕೈ ಹಾಕಿದೆಯಲ್ಲ. ನಿನ್ನ ಶ್ವಾಸದ ಬಗ್ಗೆ ನನಗೆ ಕನಿಕರವಿದೆ, ನಿನ್ನ ಮೇಲಿದ್ದ ವಿಶ್ವಾಸ ಹೋಯಿತು.

ಕೇಳಿಸಿಕೋ. ಮಾರ್ಚಿನಿಂದ ನಾನು ಒಬ್ಬನೇ ನಿಲ್ಲುತ್ತಿದ್ದೇನೆ. ಹಿಂದೆ ಖಾಲಿ ಗೋಡೆ. ಹುಬ್ಬಿಲ್ಲ, ಕೆಮ್ಮಿಲ್ಲ. ಜನ ಕುರ್ಚಿಯಿಂದ ಜಾರುತ್ತಿದ್ದಾರೆ. ಬ್ಯಾಂಕಿನವರ ಶೋನಲ್ಲಿ ಒಬ್ಬರು ನಗುತ್ತ ನಗುತ್ತ ಹಲ್ಲಿನ ಸೆಟ್ಟು ಕಳೆದುಕೊಂಡು, ಮಧ್ಯಂತರದಲ್ಲಿ ಎಲ್ಲರೂ ಸೇರಿ ಹುಡುಕಬೇಕಾಯಿತು. ನಿನಗೆ ಸಾಕ್ಷಿ ಬೇಕಿದ್ದರೆ ಆ ಹಲ್ಲನ್ನೇ ಕೇಳು. ನಗು ನನ್ನದು. ನಿನ್ನೆಯೂ ನನ್ನದು, ನಾಳೆಯೂ ನನ್ನದು.

ಗೇಟಿನ ಹತ್ತಿರ ನಿಂತವನು ನಾನಲ್ಲ. ನನ್ನ ಕೋಟಿನಂಥ ಕೋಟು ತುಂಬ ಜನರ ಹತ್ತಿರ ಇದೆ.

ಬಾಯಿ


ಮೇ ೧೯

ಬಾಯಿಯವರಿಗೆ,

ನಿಮ್ಮ ಪತ್ರ ಬಂತು. ಓದಿ ಹೇಳು ಅಂದರು. ಬೇಡ ಅಂದೆ. ಓದು ಅಂದರು. ಕೋಳಿಯಿಂದ ಕೋಟಿನವರೆಗೆ ಒಂದು ಅಕ್ಷರ ಬಿಡದೆ ಓದಿದೆ. ಹಲ್ಲಿನ ಸೆಟ್ಟಿನ ಹತ್ತಿರ ಬಂದಾಗ ಅವರ ಭುಜ ಅಲ್ಲಾಡ್ತಿತ್ತು. ಬಾಯಿ ಅಗಲೋದು ನಿಂತು ತಿಂಗಳಾಗಿತ್ತಲ್ಲ, ನಗು ಬಂದರೆ ಭುಜದಲ್ಲೇ. “ಉದ್ದ ಆಯ್ತು” ಅಂದರು. ಆಮೇಲೆ ಕೆಮ್ಮು ಶುರುವಾಯ್ತು, ನಿಲ್ಲೋಕೆ ತುಂಬ ಹೊತ್ತು ಹಿಡೀತು.

ಮರುದಿನ ಜ್ವರ ಬಂತು. ಎದೆಗೆ ಸೋಂಕು ಅಂದರು. ಆಸ್ಪತ್ರೆಗೆ ಸೇರಿಸಿದೆವು. ಮೂಗಿನ ಪೈಪು ಸಾಲದೆ ಮುಖಕ್ಕೆಲ್ಲ ಮುಚ್ಚೋ ಮಾಸ್ಕ್ ಹಾಕಿದರು. ಮುಖ ಕುಗ್ಗಿ ಗಟ್ಟಿಯಾಗಿತ್ತಲ್ಲ, ಯಾವ ಸೈಜೂ ಸರಿಯಾಗಿ ಕೂರಲಿಲ್ಲ, ಪಕ್ಕದಲ್ಲಿ ಗಾಳಿ ಸೋರ್ತಿತ್ತು. ನರ್ಸು ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ಅವಳು ಊಟಕ್ಕೆ ಹೋದಾಗ ನಾನು ಹಿಡಿದುಕೊಂಡೆ. ಹದಿಮೂರನೇ ತಾರೀಕು ಬೆಳಗ್ಗೆ ಹೋದರು. ಆಗ ನನ್ನ ಕೈ ಅಲ್ಲೇ ಇತ್ತು.

ನಿಮ್ಮ ಪತ್ರದಿಂದ ಆಯ್ತು ಅಂತ ನಾನು ಅಂದ್ಕೊಂಡಿಲ್ಲ. ಡಾಕ್ಟರೂ ಇಲ್ಲ ಅಂದರು, ಇವತ್ತಲ್ಲ ನಾಳೆ ಆಗೋದೇ ಇತ್ತಂತೆ. ಅಷ್ಟು ದೊಡ್ಡ ಪಾತ್ರ ನಿಮಗೆ ಕೊಡೋಕೆ ನನಗೆ ಇಷ್ಟವಿಲ್ಲ.

ಕ್ಲಬ್ಬಿನವರು ನೆನಪಿನ ಸಭೆ ಮಾಡ್ತಾರಂತೆ, ನೀವು ಮಾತಾಡ್ತೀರಂತೆ. ನಾನು ಬರಲ್ಲ. ಮಾತಾಡಿ. ಅವರನ್ನು ಬೈದು ಮಾತಾಡಿ, ಏನು ಬೇಕಾದರೂ ಹೇಳಿ, ಅವರಿಗೆ ಅದು ರೂಢಿ. ಅವರ ಕೆಮ್ಮು ಮಾತ್ರ ಅಲ್ಲಿಗೆ ತರಬೇಡಿ. ನನಗೆ ಅದನ್ನು ನಗದೆ ನೆನಪಿಸಿಕೊಳ್ಳಬೇಕು. ದಿನಾ ಪ್ರಯತ್ನ ಮಾಡ್ತಿದ್ದೀನಿ. ಇನ್ನೂ ಆಗಿಲ್ಲ.

ಕೇಳ್ತಿರೋದು ಇದೊಂದೇ. ಅವರೂ ನಿಮ್ಮನ್ನು ಕೇಳಿದ್ದು ಇದೊಂದೇ.

ಮೋರೆಯ ಹೆಂಡತಿ


ಜೂನ್ ೨

ತಂಗೀ,

ಹಾಗೆ ಕರೆಯಬೇಡಿ ಅಂತ ನೀನು ಬರೆದಿಲ್ಲ, ಅದಕ್ಕೆ ಕರೆಯುತ್ತಿದ್ದೇನೆ. ನಿಮ್ಮ ಅಂಗಡಿಯಿಂದಲೂ ಕೆಲವರು ಸಭೆಗೆ ಬಂದಿದ್ದರು. ಅವರು ಕೌಂಟರಿಗೆ ಬಂದು ಸುದ್ದಿ ಹೇಳುವ ಮೊದಲು ನಾನೇ ಹೇಳುವುದು ಒಳ್ಳೆಯದು.

ಸಭೆ ಚೆನ್ನಾಗಿ ನಡೆಯಿತು. ಹಾಲ್ ತುಂಬಿ, ಹೊರಗೆಲ್ಲ ನಿಂತಿದ್ದರು. ಮೋರೆಯ ಒಂದು ಫೋಟೋ ದೊಡ್ಡದು ಮಾಡಿಸಿ ಇಟ್ಟಿದ್ದರು, ಯಾವುದೋ ಹಳೆಯ ಶೋನದ್ದು. ಎಡ ಹುಬ್ಬು ಎದ್ದಿದೆ. ಅಂಚಿನಲ್ಲಿ ನನ್ನ ಬೆನ್ನು. ಅಧ್ಯಕ್ಷರು ಅತ್ತರು, ಕಾರ್ಯದರ್ಶಿ ಅತ್ತರು, ಖಜಾಂಚಿ ಲೆಕ್ಕ ನೋಡಿಕೊಂಡು ಅತ್ತರು. ಆಮೇಲೆ ನನ್ನ ಸರದಿ. ಜನ ನಕ್ಕರು, ತಂಗೀ. ಒಂದು ನೆನಪಿನ ಸಭೆಯಲ್ಲಿ ಅಷ್ಟು ನಗು ಈ ಊರು ಕೇಳಿರಲಾರದು. ಕಣ್ಣೊರೆಸಿಕೊಂಡು ನಕ್ಕರು, ಪಕ್ಕದವರ ಮೇಲೆ ಬಿದ್ದು ನಕ್ಕರು. ಇಳಿದು ಬಂದಾಗ ಅಧ್ಯಕ್ಷರು ಕೈ ಹಿಡಿದು, “ಮೋರೆ ಇಲ್ಲದೆಯೂ ನೀವು ನೀವೇ” ಅಂದರು. ಇಷ್ಟಕ್ಕೆ ಸಹಿ ಹಾಕಿ ಅಂಚೆಗೆ ಹಾಕಬೇಕು ಅಂತಿದ್ದೆ.

ಪೂರ್ತಿ ಹೇಳುತ್ತೇನೆ.

ಮಾರ್ಚಿನಿಂದ ನಾನು ಒಬ್ಬನೇ ಮಾಡಿದ ಶೋಗಳು ಎರಡು. ಎರಡರಲ್ಲೂ ಜನ ಬಹಳ ಮರ್ಯಾದೆಯಿಂದ ಕೂತಿದ್ದರು. ಹಾಸ್ಯಗಾರನಿಗೆ ಅದಕ್ಕಿಂತ ಮುಖಭಂಗ ಇಲ್ಲ. ಬ್ಯಾಂಕಿನವರ ಶೋನಲ್ಲಿ ಹಲ್ಲಿನ ಸೆಟ್ಟು ಬಿದ್ದದ್ದು ನಿಜ. ಅವರಿಗೆ ಆಕಳಿಕೆ ಬಂದಿತ್ತು. ಭಾಮೈದನನ್ನು ನಾನು ಹೊರಗೆ ಹಾಕಲಿಲ್ಲ. ಅಂಗಡಿಯ ಶೋ ಆದ ಮೇಲೆ ಅವನೇ, “ಭಾವ, ಆ ಅಕ್ಕನ ಮುಖ ನೋಡಿದೆ, ಇನ್ನು ನನ್ನ ಕೈಲಾಗಲ್ಲ” ಅಂತ ಹೋದ. ಅವನು ತಾನಾಗಿ ಕೆಮ್ಮಿದ ಅಂತ ಬರೆದಿದ್ದೆ. ಕೆಮ್ಮು ಕಲಿಸಿದವನು ನಾನು. ಕಫ ಇರಬಾರದು, ಒಣಗಿರಬೇಕು, ಕೊನೆಗೊಂದು ಎಳೆತ ಬರಬೇಕು ಅಂತ ನಮ್ಮ ಹಜಾರದಲ್ಲಿ ನಿಲ್ಲಿಸಿ ತಿದ್ದಿ ತಿದ್ದಿ ಕಲಿಸಿದ್ದೆ. ಅವತ್ತು ನಿಮ್ಮ ಅಂಗಡಿಯ ವೇದಿಕೆ ಹತ್ತುವ ಮೊದಲು ಅವನು, “ಇವತ್ತು ಬೇಡ ಅಲ್ವಾ ಭಾವ?” ಅಂತ ಕೇಳಿದ. “ಇವತ್ತು ಒಂದು ದಿನ ಇರಲಿ” ಅಂದೆ. ಮೋರೆಗೆ ಮಾತು ಕೊಟ್ಟ ಮೇಲಿನ ಮಾತು ಇದು.

ಈಗ ಸಭೆ. ಕೆಮ್ಮುವುದಿಲ್ಲ ಅಂತ ನಿರ್ಧಾರ ಮಾಡಿಯೇ ಹೋಗಿದ್ದೆ. ನಿನ್ನ ಪತ್ರ ಜೇಬಿನಲ್ಲಿತ್ತು. ಮೊದಲ ಜೋಕು ಅವನ ಮೀಟರಿನ ಮೇಲೆ. ಅವನು ಮುಖ ತೋರಿಸಿದರೆ ನಲ್ಲಿಯೇ ಹೆದರಿ ನಿಲ್ಲುತ್ತಿತ್ತು, ಆ ಬೀದಿಯವರಿಗೆಲ್ಲ ಬಿಲ್ಲು ಕಡಿಮೆ ಬರುತ್ತಿತ್ತು ಅಂತ. ಯಾರೂ ನಗಲಿಲ್ಲ. ತಲೆ ತಗ್ಗಿಸಿದರು. ಎರಡನೆಯದು ಅವನ ಟೋಪಿಯದ್ದು, ನೀನು ಕೇಳಿದ್ದೀಯ. ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ ಅಂದಿತು, ಅಷ್ಟೆ. ಮೂರನೆಯದು ಶುರು ಮಾಡಿದೆ, ಏರಿಸಿದೆ, ಏರಿಸಿದೆ, ಕೊನೆಯ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿ ನಿಂತೆ. ಎದುರಿಗೆ ಅಷ್ಟೊಂದು ಮುಖ. ಎಲ್ಲರೂ ಕಾಯುತ್ತಿದ್ದಾರೆ. ಯಾವುದಕ್ಕೆ ಅಂತ ಅವರಿಗೆ ಗೊತ್ತಿಲ್ಲ. ಅವನು ಹೇಳಿದ್ದು ಅಕ್ಷರ ಅಕ್ಷರ ನಿಜ ಅಂತ ನನಗೆ ಅಲ್ಲಿ ಗೊತ್ತಾಯಿತು. ಕಿವಿ ಬಿಸಿಯಾಗುತ್ತಿತ್ತು. ಕೆಂಪಗೂ ಆಗಿರಬೇಕು, ಹೇಳುವುದಕ್ಕೆ ಹಿಂದೆ ಯಾರೂ ಇರಲಿಲ್ಲ.

ಗಂಟಲು ಕಟ್ಟಿತು ಅಂತ ಬರೆಯಬಹುದು, ನೀನು ನಂಬಲೂಬಹುದು. ಗಂಟಲಿಗೆ ಏನೂ ಆಗಿರಲಿಲ್ಲ. ಬೇಕಂತಲೇ ಕೆಮ್ಮಿದೆ. ಎರಡು ಸಲ ಒಣಗಿದ್ದು, ಆಮೇಲೆ ಎಳೆತ. ಕಲಿಸಿದವನಲ್ಲವೇ, ಚೆನ್ನಾಗಿಯೇ ಬಂತು.

ಹಾಲ್ ಪೂರ್ತಿ ನಕ್ಕಿತು. ನಿಮ್ಮ ಮ್ಯಾನೇಜರು ತೊಡೆ ತಟ್ಟಿಕೊಂಡು ನಕ್ಕರು. ಅಳುತ್ತಿದ್ದವರೂ ನಕ್ಕರು. ಅಲ್ಲಿಗೆ ಕೈ ಮುಗಿದು ಇಳಿಯಬಹುದಿತ್ತು, ಒಂದು ಸಲ ತಪ್ಪಿ ಬಂತು ಅಂತ ನಿನಗೆ ಬರೆಯಬಹುದಿತ್ತು.

ಆದರೆ ನನ್ನ ಹತ್ತಿರ ಇನ್ನೂ ಐದಾರು ಜೋಕುಗಳಿದ್ದವು, ತಂಗೀ. ಎಲ್ಲದಕ್ಕೂ ಕೆಮ್ಮಿದೆ.

ಬಾಯಿ